ಅಜ್ಜಿ ಅಂದ್ರೆ ಪ್ರೀತಿ, ಅಜ್ಜಿಯ ವಾರ್ಡ್ ಅಂದ್ರೆ ಬೇಡ

ನರ್ಸಿಂಗ್ ಓದುವ ಮಕ್ಕಳ ಕೈಗೆ ಒಂದು ಪಟ್ಟಿ ಕೊಡಿ. ಐಸಿಯು, ಎಮರ್ಜೆನ್ಸಿ, ಆಪರೇಷನ್ ಥಿಯೇಟರ್, ಹೆರಿಗೆ ವಾರ್ಡ್, ಮಕ್ಕಳ ವಾರ್ಡ್, ಮಾನಸಿಕ ಆರೋಗ್ಯ, ವಯಸ್ಸಾದವರ ಆರೈಕೆ. ಓದು ಮುಗಿದ ಮೇಲೆ ಎಲ್ಲಿ ಕೆಲಸ ಮಾಡಲು ಇಷ್ಟ, ಒಂದರಿಂದ ಕೊನೆಯವರೆಗೆ ನಂಬರ್ ಹಾಕಿ ಅನ್ನಿ. ಬೇರೆ ಬೇರೆ ದೇಶಗಳಲ್ಲಿ ಹತ್ತಾರು ವರ್ಷಗಳಿಂದ ಇಂಥ ಪಟ್ಟಿ ಕೊಟ್ಟು ನೋಡಿದ್ದಾರೆ. ಮೇಲಿನ ಸಾಲುಗಳಲ್ಲಿ ಐಸಿಯು, ಎಮರ್ಜೆನ್ಸಿ, ಮಕ್ಕಳು, ಹೆರಿಗೆ ಅದಲುಬದಲಾಗುತ್ತಿರುತ್ತವೆ. ತಳದಲ್ಲಿ ಮಾತ್ರ ಅಷ್ಟೇನೂ ಬದಲಾವಣೆ ಕಾಣುವುದಿಲ್ಲ. ವಯಸ್ಸಾದವರ ಆರೈಕೆ ಬಹುತೇಕ ಅಲ್ಲೇ ಕೂತಿರುತ್ತದೆ. ಜೊತೆಗೆ ಎಷ್ಟೋ ಸಲ ಮಾನಸಿಕ ಆರೋಗ್ಯ.

ಇದನ್ನು ನೋಡಿ "ಈಗಿನ ಮಕ್ಕಳಿಗೆ ಹಿರಿಯರು ಅಂದ್ರೆ ಅಸಡ್ಡೆ" ಎಂದು ಷರಾ ಬರೆದುಬಿಡುವುದು ಸುಲಭ. ಆದರೆ ಅದೇ ಮಕ್ಕಳ ಕೈಗೆ ಇನ್ನೊಂದು ಕಾಗದ ಕೊಟ್ಟರೆ ಕಥೆ ಬೇರೆಯೇ ಆಗುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ನೇಥನ್ ಕೋಗನ್ 1961ರಲ್ಲಿ ಅಂಥದ್ದೊಂದನ್ನು ಮಾಡಿಟ್ಟರು. ಅದರಲ್ಲಿ ವಯಸ್ಸಾದವರ ಬಗ್ಗೆ 34 ಹೇಳಿಕೆಗಳಿವೆ. 17 ಒಳ್ಳೆಯವು, ಅವಕ್ಕೆ ಎದುರಾಗಿ 17 ಕೆಟ್ಟವು. ಒಪ್ಪುತ್ತೀರಾ, ಇಲ್ಲವಾ ಅಂತ ಗುರುತು ಹಾಕುತ್ತಾ ಹೋಗಬೇಕು. ಅರವತ್ತು ವರ್ಷ ದಾಟಿದರೂ ನರ್ಸಿಂಗ್ ಸಂಶೋಧಕರು ಅದನ್ನು ಬಿಟ್ಟಿಲ್ಲ. ತಮ್ಮ ತಮ್ಮ ಭಾಷೆಗೆ ತಿರುಗಿಸಿಕೊಂಡು ಬಳಸುತ್ತಲೇ ಇದ್ದಾರೆ. ಅದರಲ್ಲಿ ವಿದ್ಯಾರ್ಥಿಗಳ ಅಂಕ ಸಾಮಾನ್ಯವಾಗಿ "ಪರವಾಗಿಲ್ಲ" ಮತ್ತು "ಚೆನ್ನಾಗಿದೆ" ಇವುಗಳ ನಡುವೆ ಎಲ್ಲೋ ಬರುತ್ತದೆ. ಪಾಠ ಮಾಡುವ ಮೇಡಂ ಎದುರಿಗೇ ನಿಂತಿರುವಾಗ "ನನಗೆ ಮುದುಕರನ್ನು ಕಂಡರೆ ಆಗಲ್ಲ" ಅಂತ ಯಾರು ತಾನೇ ಗುರುತು ಹಾಕುತ್ತಾರೆ, ಅಲ್ವಾ? ಅದನ್ನು ಕಳೆದರೂ ಅಸಡ್ಡೆ ಅನ್ನುವಂಥದ್ದು ಅಲ್ಲಿ ಕಾಣುವುದಿಲ್ಲ.

ಅಂದರೆ ಅಜ್ಜ ಅಜ್ಜಿಯರ ಮೇಲೆ ಪ್ರೀತಿ ಇದೆ. ಮರ್ಯಾದೆಯೂ ಇದೆ. ಅವರ ಆರೈಕೆಯನ್ನೇ ನಿನ್ನ ಕೆಲಸ ಮಾಡಿಕೊಳ್ಳುತ್ತೀಯಾ ಎಂದು ಕೇಳಿದಾಗ ಮಾತ್ರ ಉತ್ತರ ಬದಲಾಗುತ್ತದೆ. ಇವೆರಡೂ ಒಂದೇ ಅಂದುಕೊಂಡರೆ ಪರಿಹಾರ ಹುಡುಕುವ ಜಾಗವೇ ತಪ್ಪುತ್ತದೆ. ಸುಮ್ನೆ "ಹಿರಿಯರನ್ನು ಗೌರವಿಸಿ" ಅಂತ ಭಾಷಣ ಮಾಡಿದರೆ, ಮೊದಲೇ ಗೌರವಿಸುತ್ತಿರುವ ಮಕ್ಕಳು ತಲೆಯಾಡಿಸುತ್ತಾರೆ. ಹೊರಗೆ ಬಂದು ಐಸಿಯುಗೆ ಅರ್ಜಿ ಹಾಕುತ್ತಾರೆ.

ಇದು ಯಾಕೆ ತಲೆಬಿಸಿಯ ವಿಷಯ ಎಂದು ಲೆಕ್ಕದಲ್ಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2030ರ ಹೊತ್ತಿಗೆ ಜಗತ್ತಿನ ಪ್ರತಿ ಆರು ಜನರಲ್ಲಿ ಒಬ್ಬರಿಗೆ 60 ದಾಟಿರುತ್ತದೆ. ಅಂದರೆ ಸುಮಾರು 140 ಕೋಟಿ ಜನ. 2050ಕ್ಕೆ ಅದು 210 ಕೋಟಿ. ಅದರಲ್ಲಿ 80 ದಾಟಿದವರೇ 42.6 ಕೋಟಿ. ಮರೆವಿನ ಕಾಯಿಲೆ, ಅಂದರೆ ಡಿಮೆನ್ಷಿಯಾ ಇರುವವರು 2021ರಲ್ಲೇ 5.7 ಕೋಟಿ ಇದ್ದರು. ಇನ್ನೊಂದು ಕಡೆ, 2023ರಲ್ಲಿ ಜಗತ್ತಿನಲ್ಲಿ ಇದ್ದ ನರ್ಸ್‌ಗಳು ಸುಮಾರು 2.98 ಕೋಟಿ. ಕೊರತೆ 58 ಲಕ್ಷ. ಒಟ್ಟಾರೆಯೇ ಕೊರತೆ ಇರುವಾಗ, ಪಟ್ಟಿಯ ತಳದಲ್ಲಿರುವ ವಿಭಾಗಕ್ಕೆ ಯಾರು ಸಿಗುತ್ತಾರೆ?

ಮೊದಲ ಪೋಸ್ಟಿಂಗ್ ಹೇಳಿಕೊಡುವ ಪಾಠ

ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಹುಟ್ಟಿಸಿದ್ದು ಆಸ್ಟ್ರೇಲಿಯಾದ ಅಧ್ಯಯನಗಳು. ಅಲ್ಲಿ ಒಂದೇ ಬ್ಯಾಚಿನ ವಿದ್ಯಾರ್ಥಿಗಳನ್ನು ಕೋರ್ಸ್ ಶುರುವಾದಾಗ ಒಮ್ಮೆ, ಮುಗಿಯುವಾಗ ಒಮ್ಮೆ ಕೇಳಿ ನೋಡಿದರು. ವಯಸ್ಸಾದವರ ಆರೈಕೆ ಶುರುವಿನಲ್ಲೇನೂ ಮೇಲೆ ಇರಲಿಲ್ಲ. ಆದರೆ ಓದು ಮುಂದುವರಿದಂತೆ ಅದು ಇನ್ನಷ್ಟು ಕೆಳಗಿಳಿಯಿತು. ಸ್ವಲ್ಪ ನಿಂತು ಯೋಚಿಸಬೇಕಾದ ವಿಷಯ ಇದು. ಕಲಿತಷ್ಟೂ ಆಸಕ್ತಿ ಹೆಚ್ಚಬೇಕಿತ್ತು. ಇಲ್ಲಿ ಕಲಿಕೆಯೇ ಆಸಕ್ತಿಯನ್ನು ಸವೆಸಿದೆ. ಹಾಗಾದರೆ ತಪ್ಪನ್ನು ಮನೆಯಲ್ಲೋ ಟಿವಿಯಲ್ಲೋ ಹುಡುಕುವ ಮೊದಲು ಕಾಲೇಜಿನ ಒಳಗೆ ಹುಡುಕಬೇಕು.

ನನ್ನ ಮಟ್ಟಿಗೆ ಅದು ಶುರುವಾಗುವುದು ಮೊದಲ ಪೋಸ್ಟಿಂಗ್‌ನಲ್ಲಿ. ಎಷ್ಟೋ ಕೋರ್ಸ್‌ಗಳಲ್ಲಿ ಮೊದಲ ವರ್ಷದ ಮಕ್ಕಳನ್ನು ವಯಸ್ಸಾದವರು ಇರುವ ವಾರ್ಡಿಗೆ ಅಥವಾ ವೃದ್ಧರ ಆರೈಕೆ ಕೇಂದ್ರಕ್ಕೆ ಕಳಿಸುತ್ತಾರೆ. ಕಾರಣ ಸರಳ. ಅಲ್ಲಿ ಕೈ ಪಳಗಿಸಿಕೊಳ್ಳಬಹುದು. ಹಾಸಿಗೆ ಹಾಸುವುದು, ಬೆಡ್ ಬಾತ್ ಅಂದರೆ ಮಲಗಿದಲ್ಲೇ ಮೈ ತೊಳೆಯುವುದು, ಡೈಪರ್ ಬದಲಿಸುವುದು, ತಿನ್ನಿಸುವುದು, ಮಗ್ಗುಲು ತಿರುಗಿಸುವುದು. ವೆಂಟಿಲೇಟರ್ ಇಲ್ಲ, ಮಾನಿಟರ್ ಕೂಗುವುದಿಲ್ಲ. ಹೊಸಬರು ತಪ್ಪು ಮಾಡಿದರೂ ದೊಡ್ಡ ಅನಾಹುತ ಆಗಲಾರದು ಅನ್ನುವ ನಂಬಿಕೆ. ಎರಡನೇ ವರ್ಷಕ್ಕೆ ಅಲ್ಲಿಂದ "ಮೇಲಕ್ಕೆ" ಹೋಗುತ್ತಾರೆ. ಮೆಡಿಕಲ್, ಸರ್ಜಿಕಲ್, ಆಮೇಲೆ ಐಸಿಯು.

ಈ ಕ್ರಮ ಬಾಯಿ ಬಿಟ್ಟು ಏನನ್ನೂ ಹೇಳುವುದಿಲ್ಲ. ಆದರೆ ಮಕ್ಕಳು ಅದನ್ನು ಸ್ಪಷ್ಟವಾಗಿ ಕೇಳಿಸಿಕೊಳ್ಳುತ್ತಾರೆ. ವಯಸ್ಸಾದವರ ಆರೈಕೆ ಎಂದರೆ ಒಂದನೇ ಕ್ಲಾಸು. ಅಲ್ಲಿಂದ ಪಾಸಾಗಿ ಬಂದವರು ಮತ್ತೆ ಒಂದನೇ ಕ್ಲಾಸಿಗೆ ಯಾಕೆ ಹೋಗುತ್ತಾರೆ?

ಅದೂ ಅಲ್ಲದೆ, ಮೊದಲ ವರ್ಷದಲ್ಲಿ ಆ ಮಕ್ಕಳಿಗೆ ಕಣ್ಣು ತೆರೆದಿರುವುದಿಲ್ಲ. ತಪ್ಪು ತಿಳಿಯಬೇಡಿ, ಅವರನ್ನು ಹಗುರ ಮಾಡುತ್ತಿಲ್ಲ. ಎಂಟು ಬಗೆಯ ಮಾತ್ರೆ ತಿನ್ನುವ, ಹೃದಯವೂ ಕಿಡ್ನಿಯೂ ಸೋತಿರುವ, ಹೋದ ವಾರ ಬಿದ್ದ, ನಿನ್ನೆಯಿಂದ ಊಟ ಬಿಟ್ಟ ಒಬ್ಬರನ್ನು ನೋಡಿದಾಗ ಏನು ನಡೆಯುತ್ತಿದೆ ಎಂದು ತಿಳಿಯಲು ಶರೀರಶಾಸ್ತ್ರ ಬೇಕು, ಔಷಧಗಳ ಪಾಠ ಬೇಕು. ಅದ್ಯಾವುದೂ ಮುಗಿಯುವ ಮೊದಲೇ ಕಳಿಸಿದರೆ ಅವರಿಗೆ ಕಾಣುವುದು ಒದ್ದೆ ಹಾಸಿಗೆ ಮಾತ್ರ.

ಒಂದು ದೃಶ್ಯ ಊಹಿಸಿಕೊಳ್ಳಿ. ಮೂರನೇ ಬೆಡ್‌ನಲ್ಲಿ 82 ವರ್ಷದ ಒಬ್ಬ ಅಜ್ಜಿ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿ ಎರಡು ದಿನ. ನಿನ್ನೆ ಬೆಳಿಗ್ಗೆ ಬೆಡ್ ಬಾತ್ ಮಾಡುವಾಗ ಅವರು ವಿದ್ಯಾರ್ಥಿನಿಯ ಹೆಸರು ಕೇಳಿದ್ದರು, ಕನ್ನಡಕ ಎಲ್ಲಿ ಎಂದು ಗದರಿದ್ದರು, ನೀರು ತಣ್ಣಗಿದೆ ಎಂದು ದೂರಿದ್ದರು. ಇವತ್ತು ದೂರು ಇಲ್ಲ. ಒದ್ದೆ ಟವೆಲ್ ಕೈಗೆ ಕೊಟ್ಟರೆ ಮುಖದ ಹತ್ತಿರ ಒಯ್ದು ಹಾಗೇ ನಿಲ್ಲಿಸಿದ್ದಾರೆ. ಅದನ್ನು ಏನು ಮಾಡಬೇಕು ಅನ್ನುವುದೇ ಮರೆತವರ ಹಾಗೆ. ರಾತ್ರಿ ಡ್ಯೂಟಿಯವರ ಹ್ಯಾಂಡ್‌ಓವರ್‌ನಲ್ಲಿ ಒಂದೇ ಸಾಲು: "ರೋಗಿ ಶಾಂತವಾಗಿದ್ದಾರೆ, ತೊಂದರೆ ಇಲ್ಲ." ಬಿಪಿ ಸರಿ ಇದೆ. ಜ್ವರ ಇಲ್ಲ. ವಾರ್ಡಿಗೆಲ್ಲ ಖುಷಿ, ಅಜ್ಜಿಯ ಗಲಾಟೆ ನಿಂತಿತಲ್ಲ ಎಂದು.

ವಿದ್ಯಾರ್ಥಿನಿಗೆ ಯಾಕೋ ಕಸಿವಿಸಿ. "ಅಜ್ಜಿ, ವಾರದ ದಿನಗಳನ್ನು ಹಿಂದಿನಿಂದ ಹೇಳಿ ನೋಡೋಣ" ಅನ್ನುತ್ತಾಳೆ. ಶನಿವಾರ. ಶುಕ್ರವಾರ. ಆಮೇಲೆ ಅಜ್ಜಿಯ ಕಣ್ಣು ಬಾಗಿಲ ಕಡೆ ಹೋಗುತ್ತದೆ. ಪ್ರಶ್ನೆ ಅಲ್ಲೇ ಬಿದ್ದುಹೋಗುತ್ತದೆ.

ಇದು ಡೆಲಿರಿಯಂ, ಅಂದರೆ ಇದ್ದಕ್ಕಿದ್ದಂತೆ ಬುದ್ಧಿ ಗಲಿಬಿಲಿಯಾಗುವುದು. ಅದರಲ್ಲೂ ಸದ್ದಿಲ್ಲದ ಬಗೆಯದು. ಕೂಗಾಡಿ ಟ್ಯೂಬ್ ಕಿತ್ತುಕೊಳ್ಳುವ ಡೆಲಿರಿಯಂ ಎಲ್ಲರಿಗೂ ಕಾಣುತ್ತದೆ. ಮಂಕಾಗಿ ಮಲಗುವ ಡೆಲಿರಿಯಂ ಯಾರಿಗೂ ಕಾಣುವುದಿಲ್ಲ. ಕಾರಣ ಏನೂ ಇರಬಹುದು. ರಾತ್ರಿ ಹೊಸದಾಗಿ ಕೊಟ್ಟ ನಿದ್ದೆ ಮಾತ್ರೆ, ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ನೀರು ಸಾಲದೆ ಬತ್ತಿದ ಮೈ, ಜ್ವರವನ್ನೇ ತೋರಿಸದ ಸೋಂಕು. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಎಷ್ಟೋ ಸಲ ಸರಿಹೋಗುತ್ತದೆ. ಬಿಟ್ಟರೆ ಅಜ್ಜಿ ಮನೆಗೆ ನಡೆದು ಹೋಗುವುದೇ ಅನುಮಾನ. ಹಿಡಿಯಲು ಸ್ಕ್ಯಾನ್ ಬೇಕಿಲ್ಲ. ಶ್ಯಾರನ್ ಇನೌಯೆ ಎಂಬ ವೈದ್ಯೆ ಮತ್ತು ಸಂಗಡಿಗರು 1990ರಲ್ಲಿ ನಾಲ್ಕು ಪ್ರಶ್ನೆಗಳ ಒಂದು ವಿಧಾನ ಕೊಟ್ಟರು. ಬದಲಾವಣೆ ಇದ್ದಕ್ಕಿದ್ದಂತೆ ಬಂತಾ, ಏರಿಳಿತ ಇದೆಯಾ? ಗಮನ ನಿಲ್ಲುತ್ತಿಲ್ಲವಾ? ಮಾತು, ಯೋಚನೆ ಚೆಲ್ಲಾಪಿಲ್ಲಿಯಾ? ಎಚ್ಚರದ ಮಟ್ಟ ಬದಲಾಗಿದೆಯಾ? ಮೊದಲ ಎರಡು ಇದ್ದು, ಉಳಿದೆರಡರಲ್ಲಿ ಒಂದಿದ್ದರೆ ಡೆಲಿರಿಯಂ ಎಂದು ತಿಳಿಯಬೇಕು.

ಮೊದಲ ಪ್ರಶ್ನೆಗೆ ಉತ್ತರ ಯಾರ ಹತ್ತಿರ ಇದೆ ನೋಡಿ. ನಿನ್ನೆಯೂ ಇವತ್ತೂ ಅದೇ ಅಜ್ಜಿಯ ಮೈ ತೊಳೆದವಳ ಹತ್ತಿರ. ರೌಂಡ್ಸ್‌ಗೆ ಬಂದು ಎರಡು ನಿಮಿಷ ನಿಲ್ಲುವ ಡಾಕ್ಟರಿಗೆ ನಿನ್ನೆಯ ಗದರಿಕೆ ಗೊತ್ತಿರಲಾರದು.

ಮೈ ತೊಳೆಯುವಂಥ ಕೆಲಸಗಳಿಗೆ ಹೇಳುವ "ಬೇಸಿಕ್ ಕೇರ್" ಅನ್ನುವ ಮಾತು ಇಲ್ಲೇ ಅಡ್ಡದಾರಿ ಹಿಡಿಸುತ್ತದೆ. ಅದೇ ಇನೌಯೆ ಅವರ ತಂಡ 1999ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿತು. 70 ದಾಟಿದ 852 ರೋಗಿಗಳು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದು ಗುಂಪಿಗೆ ಅದರ ಜೊತೆ ಕೆಲವು ಸಣ್ಣ ಕೆಲಸಗಳು: ಇವತ್ತು ಯಾವ ದಿನ, ಎಲ್ಲಿದ್ದೀರಿ ಎಂದು ನೆನಪಿಸುವುದು, ಎಬ್ಬಿಸಿ ನಡೆಸುವುದು, ಕನ್ನಡಕ ಮತ್ತು ಕಿವಿಯ ಮೆಷಿನ್ ಹಾಕಿಸುವುದು, ನೀರು ಕುಡಿಸುವುದು, ರಾತ್ರಿ ನಿದ್ದೆ ಕೆಡದಂತೆ ನೋಡಿಕೊಳ್ಳುವುದು. ಮೊದಲ ಗುಂಪಿನಲ್ಲಿ ಡೆಲಿರಿಯಂ ಬಂದವರು ನೂರಕ್ಕೆ 15. ಎರಡನೆಯದರಲ್ಲಿ 9.9. ಇಂಥ ಫಲ ಕೊಡುವ ಒಂದು ಮಾತ್ರೆ ಬಂದಿದ್ದರೆ ಅದರ ಹೆಸರು ಎಲ್ಲರ ಬಾಯಲ್ಲೂ ಇರುತ್ತಿತ್ತು. ಕನ್ನಡಕ ಒರೆಸಿ ಹಾಕಿಸಿದ್ದಕ್ಕೆ ಯಾರು ಹೆಸರಿಡುತ್ತಾರೆ?

ಇನ್ನೊಂದು ಉದಾಹರಣೆ. 2007ರ ಒಂದು ಪ್ರಯೋಗದಲ್ಲಿ ವಯಸ್ಸಾದ, ಆದರೆ ಗಟ್ಟಿಮುಟ್ಟಾಗಿದ್ದ 12 ಜನರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಕಾಯಿಲೆ ಏನೂ ಇಲ್ಲ, ಬರೀ ಮಲಗುವುದು. ಕಾಲುಗಳಿಂದಲೇ ಹತ್ತಿರ ಹತ್ತಿರ ಒಂದು ಕಿಲೋ ಮಾಂಸಖಂಡ ಕರಗಿತ್ತು. ಆರೋಗ್ಯವಂತರ ಪಾಡೇ ಹೀಗಾದರೆ, ಬಿದ್ದಾರೆಂದು ಹೆದರಿ ಹಾಸಿಗೆಗೇ ಅಂಟಿಸಿಟ್ಟ ರೋಗಿಯ ಕಥೆ ಏನು? ದಿನಕ್ಕೆ ಮೂರು ಸಲ ಕೈ ಹಿಡಿದು ಬಾತ್‌ರೂಮಿನವರೆಗೆ ನಡೆಸುವುದು ಬರೀ ಉಪಚಾರವಲ್ಲ, ಚಿಕಿತ್ಸೆಯೇ. ಇದನ್ನು ಮೊದಲ ವರ್ಷದ ಹುಡುಗನಿಗೆ ಯಾರಾದರೂ ಹೇಳಿದ್ದಾರಾ?

ವಯಸ್ಸಾಯಿತು, ಅಷ್ಟೇ

ಈ ಮನೋಭಾವಕ್ಕೂ ಒಂದು ಚರಿತ್ರೆ ಇದೆ. ಜೆರಿಯಾಟ್ರಿಕ್ಸ್, ಅಂದರೆ ವಯಸ್ಸಾದವರ ವೈದ್ಯಶಾಸ್ತ್ರ, ಎಂಬ ಪದವನ್ನು 1909ರಲ್ಲಿ ಕೊಟ್ಟವರು ಇಗ್ನಾಟ್ಸ್ ನ್ಯಾಶರ್ ಎಂಬ ವೈದ್ಯರು. ಅವರ ಬಗ್ಗೆ ಹೇಳುವ ಒಂದು ಪ್ರಸಂಗವಿದೆ. ಅವರಿನ್ನೂ ವಿದ್ಯಾರ್ಥಿ. ಬಡವರ ಆಶ್ರಮವೊಂದರಲ್ಲಿ ವಯಸ್ಸಾದ ಹೆಂಗಸೊಬ್ಬಳು ನೋವು ಎಂದು ಗೋಗರೆಯುತ್ತಿದ್ದಳು. ಏನಾಗಿದೆ ಇವರಿಗೆ ಎಂದು ಕೇಳಿದರೆ, ವಯಸ್ಸಾಗಿದೆ ಎಂಬ ಉತ್ತರ ಬಂತು. ಏನು ಮಾಡಬಹುದು ಎಂದರೆ, ಏನೂ ಇಲ್ಲ. ಆ "ಏನೂ ಇಲ್ಲ" ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತಂತೆ.

ಇಂಗ್ಲೆಂಡಿನ ವೈದ್ಯೆ ಮಾರ್ಜರಿ ವಾರೆನ್ ಅವರಿಗೂ ಅಂಥದ್ದೇ ಎದುರಾಯಿತು. 1935ರಲ್ಲಿ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಆಸ್ಪತ್ರೆ ಅವರ ಉಸ್ತುವಾರಿಗೆ ಬಂತು. 714 ರೋಗಿಗಳು. ಬಹಳಷ್ಟು ಜನ ವರ್ಷಗಟ್ಟಲೆ ಹಾಸಿಗೆ ಹಿಡಿದವರು, ಯಾಕೆ ಹಿಡಿದರು ಅನ್ನುವುದನ್ನೇ ಯಾರೂ ನೋಡಿರಲಿಲ್ಲ. ವಾರೆನ್ ಒಬ್ಬೊಬ್ಬರನ್ನೇ ಪರೀಕ್ಷೆ ಮಾಡಿದರು, ವಿಂಗಡಿಸಿದರು, ಎಬ್ಬಿಸಿ ಕೂರಿಸಿದರು, ನಡೆಸಿದರು. ಎಷ್ಟೋ ಜನ ಮನೆಗೆ ಹೋದರು. ಇನ್ನು ಡೊರೀನ್ ನಾರ್ಟನ್ ಅಂತೂ ನರ್ಸೇ. 1962ರಲ್ಲಿ ಇಬ್ಬರು ಜೊತೆಗಾರರೊಂದಿಗೆ ವಯಸ್ಸಾದ ರೋಗಿಗಳ ಬೆಡ್‌ಸೋರ್, ಅಂದರೆ ಮಲಗಿ ಮಲಗಿ ಆಗುವ ಹುಣ್ಣಿನ ಬಗ್ಗೆ ದೊಡ್ಡ ಅಧ್ಯಯನ ಪ್ರಕಟಿಸಿದರು. ಮೈಯ ಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಅಲುಗಾಡುವ ಶಕ್ತಿ, ಮಲಮೂತ್ರದ ಹಿಡಿತ. ಈ ಐದಕ್ಕೆ ಅಂಕ ಹಾಕಿ, ಒಟ್ಟು 14 ಅಥವಾ ಅದಕ್ಕಿಂತ ಕಡಿಮೆ ಬಂದರೆ ಹುಣ್ಣಾಗುವ ಅಪಾಯ ಎಂದರು. ನಾರ್ಟನ್ ಸ್ಕೇಲ್ ಹೆಸರನ್ನು ಪರೀಕ್ಷೆಗೆ ಬಾಯಿಪಾಠ ಮಾಡದ ನರ್ಸಿಂಗ್ ವಿದ್ಯಾರ್ಥಿ ಇರಲಾರರು. ಅದು ಹುಟ್ಟಿದ್ದು ಯಾರೂ ಹೋಗಲು ಬಯಸದ ವಾರ್ಡಿನಲ್ಲಿ, ಒಬ್ಬ ನರ್ಸ್ ಕೈಯಿಂದ, ಅನ್ನುವುದು ಮಾತ್ರ ಪಾಠದಲ್ಲಿ ಬರುವುದಿಲ್ಲ.

1969ರಲ್ಲಿ ರಾಬರ್ಟ್ ಬಟ್ಲರ್ ಎಂಬ ಮನೋವೈದ್ಯರು ಈ ಧೋರಣೆಗೆ ಏಜಿಸಂ ಎಂದು ಹೆಸರಿಟ್ಟರು. ಬಣ್ಣ ನೋಡಿ, ಹೆಣ್ಣು ಗಂಡು ನೋಡಿ ಅಳೆದಂತೆ ವಯಸ್ಸು ನೋಡಿ ಅಳೆಯುವುದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೊರತಂದ ವರದಿ ಪ್ರಕಾರ ಜಗತ್ತಿನಲ್ಲಿ ಇಬ್ಬರಲ್ಲಿ ಒಬ್ಬರಿಗೆ ವಯಸ್ಸಾದವರ ಬಗ್ಗೆ ಇಂಥ ಧೋರಣೆ ಇದೆ. ವಾರ್ಡಿನಲ್ಲಿ ಇದು ಬೈಗುಳವಾಗಿ ಬರುವುದು ಕಡಿಮೆ, ಮುದ್ದು ಮಾಡಿ ಬರುವುದೇ ಜಾಸ್ತಿ. ಒಂದು ಶಾಲೆ ನಡೆಸಿದ, ಒಂದು ಸಂಸಾರ ಎತ್ತಿದ ಹೆಂಗಸಿಗೆ "ಏನ್ ಪುಟ್ಟ, ಜಾಣ ಅಲ್ವಾ, ಬಾಯಿ ತೆರಿ" ಅನ್ನುವುದು. ಹೇಳುವವರಿಗೆ ಅದು ಅಕ್ಕರೆ. ಕೇಳುವವರಿಗೆ?

1977ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಅರ್ಡ್‌ಮನ್ ಪಾಮೋರ್ 25 ಸರಿ-ತಪ್ಪು ಪ್ರಶ್ನೆಗಳ ಒಂದು ಕ್ವಿಜ್ ಮಾಡಿದರು. "ವಯಸ್ಸಾದವರಲ್ಲಿ ಹೆಚ್ಚಿನವರಿಗೆ ಅರಳುಮರಳು" ಎಂಬುದು ಅದರ ಒಂದು ಪ್ರಶ್ನೆಯ ಸಾರ. ಉತ್ತರ: ತಪ್ಪು. ಆದರೆ ವಿದ್ಯಾರ್ಥಿಗಳ ಕಣ್ಣಿನಿಂದ ನೋಡಿ. ಪೋಸ್ಟಿಂಗ್‌ನಲ್ಲಿ ಅವರು ನೋಡುವ ವಯಸ್ಸಾದವರೆಲ್ಲ ಹಾಸಿಗೆ ಹಿಡಿದವರೇ. ತಾವೇ ವಾಕಿಂಗ್ ಹೋಗಿ, ಬ್ಯಾಂಕಿನ ಕೆಲಸ ಮುಗಿಸಿ, ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಎಪ್ಪತ್ತೈದರವರು ಆಸ್ಪತ್ರೆಗೆ ಯಾಕೆ ಬರುತ್ತಾರೆ? ಬರೀ ಒಡೆದ ಮಡಕೆಗಳನ್ನೇ ನೋಡಿದವರು ಮಡಕೆ ಎಂದರೆ ಒಡೆದದ್ದು ಎಂದೇ ತಿಳಿಯುತ್ತಾರೆ.

ಭಯವೂ ಸುಳ್ಳಲ್ಲ, ಸಂಬಳವೂ ಸುಳ್ಳಲ್ಲ

ಇಷ್ಟೆಲ್ಲ ಹೇಳಿ, ಮಕ್ಕಳ ಹಿಂಜರಿಕೆ ಬರೀ ತಪ್ಪು ತಿಳಿವಳಿಕೆ ಎಂದರೆ ಅದು ಅನ್ಯಾಯ. ಡಿಮೆನ್ಷಿಯಾ ಇರುವವರು ಒಮ್ಮೊಮ್ಮೆ ಹೊಡೆಯುತ್ತಾರೆ, ಪರಚುತ್ತಾರೆ. ಹತ್ತೊಂಬತ್ತರ ಹುಡುಗಿಗೆ ಅದು ಹೆದರಿಕೆಯೇ. ಎತ್ತಿ ಇಳಿಸಿ ಬೆನ್ನು ನೋವು ಬರುತ್ತದೆ. ಹಚ್ಚಿಕೊಂಡವರು ಸಾಯುತ್ತಾರೆ.

ಎಲ್ಲಕ್ಕಿಂತ ಜಾಸ್ತಿ ಕೇಳಿಬರುವ ಮಾತು "ಕೈಯಲ್ಲಿರೋ ಸ್ಕಿಲ್ ಹೋಗಿಬಿಡುತ್ತೆ" ಅನ್ನುವುದು. ಸೀನಿಯರ್‌ಗಳೂ ಅದನ್ನೇ ಹೇಳಿಕೊಡುತ್ತಾರೆ. ಮೊದಲು ಎರಡು ವರ್ಷ ಐಸಿಯುನಲ್ಲೋ ಮೆಡಿಕಲ್‌ನಲ್ಲೋ ಪಳಗು, ಆಮೇಲೆ ಎಲ್ಲಿಗೆ ಬೇಕಾದರೂ ಹೋಗು. ಇದು ಕೆಟ್ಟ ಸಲಹೆಯೇನಲ್ಲ. ಕೆಲಸ ಬದಲಿಸುವಾಗ ಯಾರು ಯಾವ ಅನುಭವಕ್ಕೆ ಬೆಲೆ ಕೊಡುತ್ತಾರೆ ಎಂದು ಅವರಿಗೆ ಗೊತ್ತು. ಐಸಿಯು ಅನುಭವಕ್ಕೆ ಬಾಗಿಲು ತೆರೆಯುತ್ತದೆ. ಆರೈಕೆ ಕೇಂದ್ರದ ಐದು ವರ್ಷದ ಅನುಭವವನ್ನು ಹಲವು ಕಡೆ ಗೈರುಹಾಜರಿ ಎಂಬಂತೆ ನೋಡುತ್ತಾರೆ.

ಸಂಬಳದ ಕಥೆಯೂ ಅಷ್ಟೆ. ಬಹಳಷ್ಟು ದೇಶಗಳಲ್ಲಿ ವೃದ್ಧರ ಆರೈಕೆ ಕೇಂದ್ರದ ನರ್ಸ್‌ಗೆ ಆಸ್ಪತ್ರೆಯ ನರ್ಸ್‌ಗಿಂತ ಕಡಿಮೆ ಸಂಬಳ. ಒಬ್ಬರ ಪಾಲಿಗೆ ಬರುವ ಜನ ಜಾಸ್ತಿ. 2020ರಲ್ಲಿ ಕೋವಿಡ್ ಬಂದಾಗ ಹಲವು ಶ್ರೀಮಂತ ದೇಶಗಳಲ್ಲಿ ಸತ್ತವರ ದೊಡ್ಡ ಪಾಲು ಇಂಥ ಕೇಂದ್ರಗಳಲ್ಲೇ ಇತ್ತು. ಮಾಸ್ಕು, ಗ್ಲೌಸು ಕೊನೆಗೆ ತಲುಪಿದ್ದೂ ಎಷ್ಟೋ ಕಡೆ ಅಲ್ಲಿಗೇ. ಅದನ್ನೆಲ್ಲ ನೋಡಿದ ಮಕ್ಕಳಿಗೆ "ಇದು ಪುಣ್ಯದ ಕೆಲಸ" ಎಂದರೆ ಬಾಯುಪಚಾರದ ಹಾಗೆ ಕೇಳಿಸುತ್ತದೆ. ಪುಣ್ಯದ ಕೆಲಸ ಎಂದು ಯಾವುದನ್ನು ಜಾಸ್ತಿ ಹೊಗಳುತ್ತಾರೋ ಅಲ್ಲಿ ಸಂಬಳ ಕಡಿಮೆ ಎಂಬುದು ಹಳೇ ಅನುಭವ.

ವಿಚಿತ್ರ ನೋಡಿ. ನರ್ಸ್ ಸ್ವಂತ ಬುದ್ಧಿಯಿಂದ ತೀರ್ಮಾನ ಮಾಡಬೇಕಾದ ಜಾಗಗಳಲ್ಲಿ ಇದು ಮುಂಚೂಣಿಯದು. ಆರೈಕೆ ಕೇಂದ್ರದಲ್ಲಿ ರಾತ್ರಿ ಎರಡು ಗಂಟೆಗೆ ಡಾಕ್ಟರ್ ಇರುವುದಿಲ್ಲ. ಒಬ್ಬರು ನರ್ಸ್, ಜೊತೆಗೆ ಸಹಾಯಕರು. ತೊಂಬತ್ತರ ಅಜ್ಜನಿಗೆ ಉಸಿರು ಸ್ವಲ್ಪ ಜೋರು. ಆಂಬ್ಯುಲೆನ್ಸ್ ಕರೆಯಬೇಕಾ? ಕರೆದರೆ ಎಮರ್ಜೆನ್ಸಿಯ ಬೆಳಕು, ಗದ್ದಲ, ಹೊಸ ಮುಖಗಳ ನಡುವೆ ಡೆಲಿರಿಯಂ ಬರಬಹುದು. ಕರೆಯದೇ ಇದ್ದರೆ ನ್ಯುಮೋನಿಯಾ ಬಲಿಯಬಹುದು. ಅಜ್ಜ ಮೊದಲೇ ಏನು ಹೇಳಿದ್ದರು, ಮನೆಯವರು ಏನು ಬಯಸುತ್ತಾರೆ? ಐಸಿಯುನಲ್ಲಿ ಇಂಥ ಪ್ರಶ್ನೆ ಬಂದರೆ ಪಕ್ಕದಲ್ಲೇ ನಾಲ್ಕು ಜನ ಇರುತ್ತಾರೆ. ಇಲ್ಲಿ ತಾನೊಬ್ಬಳೇ. ಹೊಸಬರಿಗೆ ಇದು ಅತಿ ಸುಲಭದ ಕೆಲಸ ಎಂದು ಯಾರು ಹೇಳಿದರೋ!

ಇನ್ನೊಂದು ತಮಾಷೆ ಎಂದರೆ, ಬೇಡ ಎಂದು ತಪ್ಪಿಸಿಕೊಂಡವರೂ ಕೊನೆಗೆ ಅಲ್ಲಿಗೇ ಬಂದು ಸೇರುತ್ತಾರೆ. ಮಕ್ಕಳ ವಾರ್ಡು, ಹೆರಿಗೆ ವಾರ್ಡು ಬಿಟ್ಟರೆ ಹೆಚ್ಚಿನ ಕಡೆ ಹಾಸಿಗೆಗಳಲ್ಲಿ ದೊಡ್ಡ ಪಾಲು ವಯಸ್ಸಾದವರೇ. ಹೃದಯ ವಿಭಾಗ, ಮೂಳೆ ವಿಭಾಗ, ಕ್ಯಾನ್ಸರ್, ಕಣ್ಣು, ಡಯಾಲಿಸಿಸ್. ಎಪ್ಪತ್ತೆಂಟರವರಿಗೆ ಹಾರ್ಟ್ ಅಟ್ಯಾಕ್ ಆದರೂ ಎದೆನೋವು ಇಲ್ಲದೇ ಬರೀ ಸುಸ್ತು, ಉಬ್ಬಸ ಎಂದು ಬರಬಹುದು ಎಂಬುದು ಎಮರ್ಜೆನ್ಸಿಯ ನರ್ಸ್‌ಗೆ ಗೊತ್ತಿರಲೇಬೇಕು. ಬರ್ನಾರ್ಡ್ ಐಸಾಕ್ಸ್ ಎಂಬ ವೈದ್ಯರು ಮುಪ್ಪಿನ ದೊಡ್ಡ ತೊಂದರೆಗಳು ನಾಲ್ಕು ಎಂದಿದ್ದರು: ಓಡಾಡಲಾಗದಿರುವುದು, ಬೀಳುವುದು, ಮಲಮೂತ್ರ ತಡೆಯಲಾಗದಿರುವುದು, ಬುದ್ಧಿ ಮಂಕಾಗುವುದು. ಇವು ಇಲ್ಲದ ವಾರ್ಡು ಇದ್ದರೆ ತೋರಿಸಿ.

ಏನು ಮಾಡಿದರೆ ಮನಸ್ಸು ತಿರುಗೀತು

ಅಜ್ಜ ಅಜ್ಜಿಯ ಜೊತೆ ಬೆಳೆದವರಿಗೆ ಆಸಕ್ತಿ ಜಾಸ್ತಿ ಎಂದು ಹೇಳುವುದುಂಟು. ಅಧ್ಯಯನಗಳ ಉತ್ತರ ಒಂದೇ ಥರ ಇಲ್ಲ. ಎಷ್ಟು ದಿನ ಜೊತೆಗಿದ್ದರು ಅನ್ನುವುದಕ್ಕಿಂತ ಹೇಗಿದ್ದರು ಅನ್ನುವುದು ಮುಖ್ಯ. ಕೊನೆಯ ವರ್ಷಗಳ ನರಳಾಟವನ್ನಷ್ಟೇ ಕಂಡ ಮಗುವಿಗೆ ಅದೇ ಭಯವಾಗಿಯೂ ಉಳಿಯಬಹುದು.

ಕೆಲವು ಕಾಲೇಜುಗಳಲ್ಲಿ ಮುಪ್ಪಿನ ಸೂಟ್ ತೊಡಿಸುತ್ತಾರೆ. ಮಸುಕು ಕನ್ನಡಕ, ದಪ್ಪ ಗ್ಲೌಸು, ಕಾಲಿಗೆ ತೂಕ. ಹಾಕಿಕೊಂಡು ಮೆಟ್ಟಿಲು ಹತ್ತು, ಗುಂಡಿ ಹಾಕು ಅನ್ನುತ್ತಾರೆ. ಅರ್ಧ ಗಂಟೆ ಮಜವಾಗಿರುತ್ತದೆ, ಕನಿಕರವೂ ಹುಟ್ಟುತ್ತದೆ. ಆದರೆ ಕನಿಕರ ಹುಟ್ಟಿದ್ದಕ್ಕೆ ಯಾರೂ ಕೆಲಸ ಆರಿಸಿಕೊಳ್ಳುವುದಿಲ್ಲ. "ಅಯ್ಯೋ, ಮುಪ್ಪು ಅಂದರೆ ಇಷ್ಟು ಕಷ್ಟವಾ" ಎಂದು ಇನ್ನಷ್ಟು ದೂರ ಸರಿದರೂ ಆಶ್ಚರ್ಯವಿಲ್ಲ.

ನನಗೆ ಹೆಚ್ಚು ಸರಿ ಅನ್ನಿಸಿದ್ದು ಇಂಗ್ಲೆಂಡಿನಲ್ಲಿ ನರ್ಸಿಂಗ್ ಸಂಶೋಧಕ ಮೈಕ್ ನೋಲನ್ ಮತ್ತು ಜೊತೆಗಾರರು ಮಾಡಿದ ಕೆಲಸ. ಒಳ್ಳೆಯ ಆರೈಕೆಗೆ ಆರು ಭಾವನೆಗಳು ಬೇಕು ಎಂದರು ಅವರು. ನಾನು ಸುರಕ್ಷಿತ, ನಾನು ಇಲ್ಲಿಯವನು, ನನ್ನ ಬದುಕಿನ ಎಳೆ ಕಡಿದಿಲ್ಲ, ನನಗೊಂದು ಗುರಿ ಇದೆ, ಏನೋ ಸಾಧಿಸುತ್ತಿದ್ದೇನೆ, ನಾನು ಲೆಕ್ಕಕ್ಕಿದ್ದೇನೆ. ಸ್ವಾರಸ್ಯ ಇರುವುದು ಇನ್ನೊಂದು ಮಾತಿನಲ್ಲಿ. ಈ ಆರೂ ರೋಗಿಗೆ ಮಾತ್ರ ಸಾಲದು, ಮನೆಯವರಿಗೂ ಸಿಬ್ಬಂದಿಗೂ ವಿದ್ಯಾರ್ಥಿಗೂ ಬೇಕು. ಇವು ಸಿಗುವ ಜಾಗ ಸಮೃದ್ಧ, ಸಿಗದ ಜಾಗ ಬಡಕಲು. ಪೋಸ್ಟಿಂಗ್‌ಗೆ ಹೋದ ಮೊದಲ ದಿನ "ಓ, ಸ್ಟೂಡೆಂಟ್ಸಾ? ಹೋಗಿ ಎಲ್ಲ ಬೆಡ್ ಮಾಡಿ" ಎಂದು ಕಳಿಸುವ ವಾರ್ಡು ಬಡಕಲು. ಅದೇ ಮಕ್ಕಳ ಪಕ್ಕದಲ್ಲಿ ಕೂತು "ಇವರು ನಿನ್ನೆಗಿಂತ ಇವತ್ತು ಯಾಕೆ ಕಡಿಮೆ ಮಾತಾಡುತ್ತಿದ್ದಾರೆ, ಯೋಚಿಸು" ಅನ್ನುವ ಸಿಸ್ಟರ್ ಒಬ್ಬರಿದ್ದರೆ ಸಾಕು, ವಾರ್ಡು ಬೇರೆಯಾಗುತ್ತದೆ. ಆ ಸಿಸ್ಟರಿಗೆ ತನ್ನ ಕೆಲಸದ ಮೇಲೆ ಹೆಮ್ಮೆ ಇರಬೇಕು, ಮಕ್ಕಳಿಗೆ ಹೇಳಿಕೊಡಲು ಪುರುಸೊತ್ತೂ ಇರಬೇಕು. ಇಬ್ಬರ ಕೆಲಸ ಒಬ್ಬರೇ ಮಾಡುವ ಕಡೆ ಇವೆರಡನ್ನೂ ಎಲ್ಲಿಂದ ತರುವುದು?

ಜರ್ಮನಿ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ವೃದ್ಧರ ನರ್ಸಿಂಗ್ ಬೇರೆಯೇ ಒಂದು ವೃತ್ತಿಯಾಗಿತ್ತು, ಓದೂ ಬೇರೆ. 2020ರಿಂದ ಅದನ್ನು ಮಕ್ಕಳ ನರ್ಸಿಂಗ್ ಮತ್ತು ಸಾಮಾನ್ಯ ನರ್ಸಿಂಗ್ ಜೊತೆ ಸೇರಿಸಿ ಒಂದೇ ಮೂರು ವರ್ಷದ ತರಬೇತಿ ಮಾಡಿದರು. ಬೇಕೆಂದರೆ ಕೊನೆಯ ವರ್ಷದಲ್ಲಿ ವೃದ್ಧರ ಅಥವಾ ಮಕ್ಕಳ ಕಡೆ ಹೊರಳಬಹುದು. ಬಹುತೇಕರು ಹೊರಳದೆ ಸಾಮಾನ್ಯ ಪದವಿಯನ್ನೇ ಇಟ್ಟುಕೊಂಡರು. ಎಲ್ಲರೂ ಒಂದೇ ಮೆಟ್ಟಿಲ ಮೇಲೆ ನಿಂತರೆ ವೃದ್ಧರ ಆರೈಕೆಗೆ ಅಂಟಿದ ಕೀಳರಿಮೆ ಹೋದೀತು ಎಂದು ಒಂದು ಕಡೆಯವರು. ಬಾಗಿಲು ತೆರೆದರೆ ಎಲ್ಲರೂ ಆಸ್ಪತ್ರೆಗೇ ಓಡುತ್ತಾರೆ ಎಂದು ಇನ್ನೊಂದು ಕಡೆಯವರು. ನನಗೆ ಎರಡೂ ನಿಜ ಅನ್ನಿಸುತ್ತದೆ. ಸಂಬಳ ಸಮ ಮಾಡದೆ ಸರ್ಟಿಫಿಕೇಟ್ ಮಾತ್ರ ಸಮ ಮಾಡಿದರೆ ಎರಡನೆಯವರ ಮಾತೇ ಗೆಲ್ಲುತ್ತದೆ.

ನನ್ನನ್ನು ಕೇಳಿದರೆ ಪೋಸ್ಟಿಂಗ್‌ನ ಕ್ರಮವನ್ನೇ ಮೊದಲು ತಿರುಗಿಸಬೇಕು. ಮೊದಲ ವರ್ಷದಲ್ಲಿ ಗಟ್ಟಿಮುಟ್ಟಾಗಿರುವ ಹಿರಿಯರೊಬ್ಬರ ಮನೆಗೆ ತಿಂಗಳಿಗೊಮ್ಮೆ ಹೋಗಿ ಬರಲಿ. ಅವರು ಮಾತ್ರೆಗಳನ್ನು ಹೇಗೆ ಜೋಡಿಸಿಟ್ಟುಕೊಳ್ಳುತ್ತಾರೆ, ರಾತ್ರಿ ಬಾತ್‌ರೂಮಿಗೆ ಯಾವ ಗೋಡೆ ಹಿಡಿದು ಹೋಗುತ್ತಾರೆ, ಯಾವ ಮಾತಿಗೆ ನಗುತ್ತಾರೆ ಎಂದು ನೋಡಲಿ. ಆರೈಕೆ ಕೇಂದ್ರದ ಪೋಸ್ಟಿಂಗ್ ಕೊನೆಯ ವರ್ಷಕ್ಕೆ ಬರಲಿ, ಕಠಿಣ ಪೋಸ್ಟಿಂಗ್ ಎಂದೇ ಬರಲಿ. ಹೇಳಿಕೊಡಲು ಆ ವಿಷಯವನ್ನೇ ಓದಿದವರು ಇರಲಿ. ಈಗ ಎಷ್ಟೋ ಕಡೆ ಆ ಪಾಠ ಯಾರ ಟೈಮ್‌ಟೇಬಲ್ ಖಾಲಿ ಇದೆಯೋ ಅವರ ಪಾಲಿಗೆ ಬೀಳುತ್ತದೆ.

ಜೊತೆಗೆ ಆ ಲಾಗ್‌ಬುಕ್. ವಿದ್ಯಾರ್ಥಿಗಳು ಹೋದಲ್ಲೆಲ್ಲ ಹಿಡಿದುಕೊಂಡು ಓಡಾಡುವ, ಸಹಿಗಾಗಿ ಸಿಸ್ಟರ್ ಹಿಂದೆ ಸುತ್ತುವ ಪುಸ್ತಕ. ಇಂಜೆಕ್ಷನ್ ಎಷ್ಟು, ಕ್ಯಾತಿಟರ್ ಎಷ್ಟು, ಡ್ರೆಸಿಂಗ್ ಎಷ್ಟು ಎಂದು ಅದರಲ್ಲಿ ಕಾಲಂಗಳಿರುತ್ತವೆ. ಎಣಿಸಲು ಬರುವುದಕ್ಕೆ ಮಾತ್ರ ಜಾಗ. ಮೂರನೇ ಬೆಡ್‌ನ ಆ ಅಜ್ಜಿಯ ವಿಷಯ ವಿದ್ಯಾರ್ಥಿನಿ ಇನ್‌ಚಾರ್ಜ್ ಸಿಸ್ಟರಿಗೆ ಹೇಳಿದಳು ಎಂದಿಟ್ಟುಕೊಳ್ಳಿ. ಅವರು ಬಂದು ಹೊಟ್ಟೆ ಮುಟ್ಟಿ ನೋಡಿದರು, ಮೂತ್ರಕೋಶ ಗಟ್ಟಿಯಾಗಿ ಉಬ್ಬಿತ್ತು. ಡಾಕ್ಟರಿಗೆ ಫೋನ್ ಹೋಯಿತು, ನಿದ್ದೆ ಮಾತ್ರೆ ನಿಂತಿತು. ಮಾರನೇ ದಿನ ಸಂಜೆಗೆ ಅಜ್ಜಿ ಮತ್ತೆ ಕನ್ನಡಕ ಎಲ್ಲಿ ಎಂದು ಗದರಿದರು. ಆ ದಿನದ ಲಾಗ್‌ಬುಕ್‌ನಲ್ಲಿ ವಿದ್ಯಾರ್ಥಿನಿಯ ಹೆಸರಿನ ಮುಂದೆ ಸಹಿ ಬಿದ್ದದ್ದು ಇಷ್ಟಕ್ಕೆ: ಬೆಡ್ ಬಾತ್, ಒಂದು.